ಮಾರ್ಚ್ ತಿಂಗಳ ಇನ್ನೊಂದು ಲೆಕ್ಕ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ವಸಂತ ಋತು ಎಂದರೆ ಏನು ಗೊತ್ತಿರುತ್ತದೆ ಹೇಳಿ? ನಾನು 1974ರಲ್ಲಿ ಕೆಲಸಕ್ಕೆ ಸೇರಿದಾಗ ಬ್ಯಾಂಕುಗಳ ವರ್ಷದ ಲೆಕ್ಕ ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. ಎಂಬತ್ತರ ದಶಕದ ಕೊನೆಗೆ ಅದು ಮಾರ್ಚ್ 31ಕ್ಕೆ ಬಂತು. ಅಲ್ಲಿಂದ ನಿವೃತ್ತಿಯವರೆಗೆ ನನ್ನ ಪಾಲಿಗೆ ಮಾರ್ಚ್ ಎಂದರೆ ಟ್ಯೂಬ್‌ಲೈಟಿನ ಬೆಳಕು, ಲೆಡ್ಜರಿನ ವಾಸನೆ, ರಾತ್ರಿ ಹತ್ತು ಗಂಟೆಗೆ ಆರಿಹೋದ ಊಟ. ಕಿಟಕಿಯಾಚೆ ಬೇವು ಹೂ ಬಿಡುತ್ತಿತ್ತು, ಕೋಗಿಲೆ ಕೂಗುತ್ತಿತ್ತು. ನಾನು ಮಾತ್ರ ತಾಳೆಯಾಗದ ಹನ್ನೆರಡು ರೂಪಾಯಿ ಎಲ್ಲಿ ಹೋಯಿತೆಂದು ಹುಡುಕುತ್ತ ಕೂತಿರುತ್ತಿದ್ದೆ.

2011ರಲ್ಲಿ ನಿವೃತ್ತನಾದೆ. ಮೊದಲ ಮಾರ್ಚ್ ತಿಂಗಳಲ್ಲಿ ಏನು ಮಾಡಬೇಕೆಂದೇ ತೋಚದೆ ಬೆಳಿಗ್ಗೆ ತಿರುಗಾಡಲು ಹೊರಟೆ. ಹಾಗೆ ಶುರುವಾಯಿತು ಹಕ್ಕಿ ನೋಡುವ ಚಟ. ಬರೆದಿಡುವ ಚಟ ಮೊದಲೇ ಇತ್ತು. ಉದ್ದನೆಯ ರೆಜಿಸ್ಟರ್ ಒಂದರಲ್ಲಿ ತಾರೀಖು, ಸ್ಥಳ, ಹಕ್ಕಿಯ ಹೆಸರು, ಎಷ್ಟು ಕಂಡವು ಎಂದು ಗೆರೆ ಎಳೆದು ಬರೆಯುತ್ತ ಬಂದಿದ್ದೇನೆ. ಈಗ ನನಗೆ ಎಪ್ಪತ್ತನಾಲ್ಕು. ಎರಡು ವರ್ಷದಿಂದ ನನ್ನ ಜೊತೆಗೆ ಇನ್ನೊಬ್ಬ ಗುಮಾಸ್ತೆ ಇದ್ದಾಳೆ. ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು.

ಯುಗಾದಿಗೆ ಇನ್ನೂ ಒಂದು ವಾರ ಇರುವಾಗ, ಒಂದು ಭಾನುವಾರ, ನಾವಿಬ್ಬರೂ ಹಾವೇರಿಯಿಂದ ಹೊರಟು ಬ್ಯಾಡಗಿ ಹೊಕ್ಕು ರಾಣೇಬೆನ್ನೂರಿನವರೆಗೆ ಹಕ್ಕಿ ಎಣಿಸುತ್ತ ಹೋಗಿಬಂದೆವು. ಮೂರೂ ಊರು ಒಂದೇ ರೈಲು ದಾರಿಯಲ್ಲಿವೆ. ಊರಿಂದ ಊರಿಗೆ ರೈಲು, ಊರೊಳಗೆ ಕಾಲ್ನಡಿಗೆ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು, ಒಂದು ಹಳೆಯ ದುರ್ಬೀನು ಮತ್ತು ರೆಜಿಸ್ಟರ್. ಇಷ್ಟೇ ನಮ್ಮ ಸಾಮಾನು.

ಹೆಗ್ಗೇರಿಯ ಬೆಳಗು

ಹೊತ್ತು ಹುಟ್ಟುವಾಗ ಹಾವೇರಿ ಊರ ಹೊರಗಿನ ಹೆಗ್ಗೇರಿ ಕೆರೆಯ ಏರಿಯ ಮೇಲಿದ್ದೆವು. ಹೆಗ್ಗೇರಿ ಎಂದರೆ ಹಿರಿದಾದ ಕೆರೆ, ಹೆಸರಿಗೆ ತಕ್ಕಂತೆ ಇದೆ. ನೀರು ಅಂಚಿನಿಂದ ಹಿಂದೆ ಸರಿದು ಕೆಸರು ಬಿಟ್ಟಿತ್ತು. ಆ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಡ್ಡಿಯಂಥ ಕಾಲುಗಳನ್ನು ಎತ್ತೆತ್ತಿ ಇಡುತ್ತಿದ್ದವು. ನಡುನೀರಿನಲ್ಲಿ ಹಣೆಗೆ ಬಿಳಿ ನಾಮ ಇಟ್ಟುಕೊಂಡ ನಾಮದ ಕೋಳಿಗಳು. ಗುಳುಮುಳುಕ ಹಕ್ಕಿ ಗುಳುಕ್ಕನೆ ಮುಳುಗಿ ನಾವು ನೋಡುತ್ತಿದ್ದ ಜಾಗ ಬಿಟ್ಟು ಬೇರೆಲ್ಲೋ ಏಳುತ್ತಿತ್ತು. ಒಂದು ಕಲ್ಲಿನ ಮೇಲೆ ನೀರುಕಾಗೆ ಎರಡೂ ರೆಕ್ಕೆ ಅಗಲಿಸಿ, ಒಣಗಹಾಕಿದ ಕರಿ ಅಂಗಿಯ ಹಾಗೆ ನಿಂತಿತ್ತು.

ಮೊಮ್ಮಗಳು ಒಂದು ಹಕ್ಕಿ ತೋರಿಸಿ, "ಅಜ್ಜಾ, ಇದು ಹೊಸಾದು, ನಮ್ಮ ಪಟ್ಟಿಯೊಳಗ ಇಲ್ಲ" ಅಂದಳು. ಬೆನ್ನು ಕಡುಗೆಂಪು, ತಲೆಯ ಹಿಂದೆ ಎಳೆಯಂಥ ಗರಿ. ನನಗೆ ನಗು ಬಂತು. ಅದು ಹೊಸದಲ್ಲ, ಚಳಿಗಾಲವೆಲ್ಲ ಮಣ್ಣಿನ ಬಣ್ಣದಲ್ಲಿ ಕೂತಿರುತ್ತಿದ್ದ ಕೊಳದ ಬಕವೇ. ಮರಿ ಮಾಡುವ ಕಾಲ ಹತ್ತಿರ ಬಂದಾಗ ಅದಕ್ಕೆ ಹೊಸ ಗರಿ ಬರುತ್ತದೆ. ದನಗಳ ಹಿಂದೆ ಹೋಗುವ ಬಿಳಿ ಗೋವಕ್ಕಿಗೂ ಈಗ ತಲೆ, ಕೊರಳಿಗೆ ಕಿತ್ತಳೆ ಬಣ್ಣ. ಯುಗಾದಿಗೆ ನಾವು ಹೊಸ ಬಟ್ಟೆ ತೊಡುವುದಿಲ್ಲವೇ, ಹಾಗೆ.

ಒಂದು ಕಡೆ ಬರುವವರ ಸಡಗರ, ಇನ್ನೊಂದು ಕಡೆ ಹೊರಡುವವರ ಗಡಿಬಿಡಿ. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂತ ಕವಲುತೋಕೆಗಳು, ಕೆಸರಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕಗಳು ಇನ್ನು ಕೆಲವೇ ವಾರಗಳಲ್ಲಿ ಉತ್ತರಕ್ಕೆ ಹೊರಡುತ್ತವೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದನ್ನು ನೀವು ಕೇಳಿರಬಹುದು. ಅವು ಹಿಮಾಲಯ ದಾಟಿ ಬರುವ ಹಕ್ಕಿಗಳು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. 2024ರಲ್ಲಿ ಮಾಗಡಿ ಕೆರೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನಮ್ಮ ಕಡೆಯ ಊರಿನ ಕೆರೆಯೊಂದಕ್ಕೆ ಅಷ್ಟು ದೂರದ ನೆಂಟರಿದ್ದಾರೆ ಎಂಬುದು ಸಣ್ಣ ಮಾತಲ್ಲ.

ಕೇಳಿಸದ ಹಾಡು

ಕೆರೆಯಿಂದ ಊರೊಳಗೆ ನಡೆದು ಸಿದ್ಧೇಶ್ವರ ಗುಡಿಗೆ ಬಂದೆವು. ಚಾಲುಕ್ಯರ ಕಾಲದ ಬಳಪದ ಕಲ್ಲಿನ ಗುಡಿ. ಬಹಳ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಸುತ್ತಲಿನ ಮರಗಳ ನೆರಳಿನಲ್ಲಿ ಕೂತರೆ ಹಕ್ಕಿಗಳೇ ನಮ್ಮ ಹತ್ತಿರ ಬರುತ್ತವೆ. ಶಿಖರದ ಸಂದಿಯಿಂದ ಒಂದು ಗಿಳಿ ತಲೆ ಹೊರಗೆ ಹಾಕಿ ನಮ್ಮನ್ನೇ ನೋಡುತ್ತಿತ್ತು. ಒಳಗೆ ಗೂಡು ಇದ್ದಿರಬೇಕು.

"ಟುಕ್... ಟುಕ್... ಟುಕ್..." ಎಂದು ಯಾರೋ ತಟ್ಟೆ ಬಡಿದ ಹಾಗೆ ಸದ್ದು. ಇದು ಕಂಚುಗಾರ ಹಕ್ಕಿ. ಗುಬ್ಬಿಗಿಂತ ಸ್ವಲ್ಪ ದಪ್ಪ, ಮೈ ಹಸಿರು, ಹಣೆಗೆ ಕೆಂಪು. ಬಿಸಿಲು ಏರಿದಷ್ಟೂ ಇದರ ಕಂಚು ಬಡಿಯುವ ಕೆಲಸ ಜೋರು. ಒಣಗಿದ ಕೊಂಬೆಯಲ್ಲಿ ತೂತು ಕೊರೆದು ಗೂಡು ಮಾಡುತ್ತದೆ. ಆದ್ದರಿಂದ ಮಕ್ಕಳೇ, ನಿಮ್ಮ ಮನೆಯ ಮರದಲ್ಲಿ ಯಾರಿಗೂ ತೊಂದರೆ ಕೊಡದ ಒಣಕೊಂಬೆ ಇದ್ದರೆ ಅದನ್ನು ಕಡಿಯುವ ಮೊದಲು ಒಮ್ಮೆ ತಲೆ ಎತ್ತಿ ನೋಡಿರಿ.

ಕೋಗಿಲೆ ಕೂಗಿತು. "ಕೂಗೋದು ಗಂಡೋ ಹೆಣ್ಣೋ?" ಎಂದು ಪರೀಕ್ಷೆ ಮಾಡಿದೆ. "ಗಂಡು. ಕರೇದು. ಹೆಣ್ಣಿಗೆ ಮೈತುಂಬ ಚುಕ್ಕಿ ಇರ್ತಾವ. ಅದು ಕಾಗಿ ಗೂಡಿನ್ಯಾಗ ತತ್ತಿ ಇಟ್ಟು ಹೋಗ್ತದ" ಎಂದು ಒಂದೇ ಉಸಿರಿಗೆ ಹೇಳಿದಳು. ಹಾಡಿನಲ್ಲಿ, ಪದ್ಯದಲ್ಲಿ ನಾವು ಕೋಗಿಲೆಯನ್ನು ಹೆಣ್ಣು ಮಾಡಿದ್ದೇವೆ, ಮಾವಿನ ಮರದಲ್ಲಿ ಮಾತ್ರ ಹಾಡುವವನು ಗಂಡು.

ಆಮೇಲೆ ಅವಳು ತಟ್ಟನೆ ಬೆರಳು ತುಟಿಯ ಮೇಲಿಟ್ಟು, "ಅಜ್ಜಾ, ಸೂರಕ್ಕಿ! ಎಷ್ಟು ಚಂದ ಹಾಡಾಕತ್ತದ!" ಅಂದಳು. ನಾನು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ದಾಸವಾಳದ ಗಿಡದಲ್ಲಿ ಹೆಬ್ಬೆರಳಿನಷ್ಟು ಹಕ್ಕಿ, ಕೊಕ್ಕು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುವುದು ದುರ್ಬೀನಿನಲ್ಲಿ ಕಾಣುತ್ತಿತ್ತು. ಕೊರಳು ನಡುಗುವುದೂ ಕಾಣುತ್ತಿತ್ತು. ಸದ್ದು ಮಾತ್ರ ಇಲ್ಲ, ಟಿ.ವಿ.ಯ ದನಿ ಬಂದ್ ಮಾಡಿ ನೋಡಿದ ಹಾಗೆ.

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಎತ್ತರದ, ಸಣ್ಣ ದನಿಗಳು. ಕಾಗೆ, ಕೋಗಿಲೆ, ಕಂಚುಗಾರ ನನಗೆ ಇನ್ನೂ ಕೇಳಿಸುತ್ತವೆ. ಸೂರಕ್ಕಿ ಎರಡು ವರ್ಷದ ಹಿಂದೆ ನಿಂತುಹೋಯಿತು. ಈ ಪುಟ ಓದುವ ನನ್ನ ವಯಸ್ಸಿನವರಲ್ಲಿ ಎಷ್ಟೋ ಜನ "ಈಗ ಮೊದಲಿನಂಗ ಹಕ್ಕಿ ಇಲ್ಲ ಬಿಡ್ರಿ" ಅನ್ನುತ್ತಾರೆ. ಕೆಲವು ನಿಜವಾಗಿಯೂ ಇಲ್ಲ. ಕೆಲವು ಇವೆ, ನಮ್ಮ ಕಿವಿ ಇಲ್ಲ. ಯಾವುದು ಯಾವುದೆಂದು ತಿಳಿಯಬೇಕಾದರೆ ಪಕ್ಕದಲ್ಲಿ ಒಂದು ಮಗು ಬೇಕು. ನಾನು ಹೆಸರು ಹೇಳುತ್ತೇನೆ, ಅವಳು ಕೇಳಿ ಹೇಳುತ್ತಾಳೆ. ಹಾವೇರಿಯ ಲೆಕ್ಕ ಹೀಗೆ ಇಬ್ಬರೂ ಸೇರಿ 23 ಬಗೆ ಎಂದು ಬರೆದೆವು.

ಖಾರ ಹತ್ತದ ಬಾಯಿ

ರೈಲು ಹತ್ತಿ ಬ್ಯಾಡಗಿಯಲ್ಲಿ ಇಳಿದೆವು. ಮಾರ್ಚ್ ಎಂದರೆ ಬ್ಯಾಡಗಿಗೆ ಮೆಣಸಿನಕಾಯಿ ಸುಗ್ಗಿ. ಭಾನುವಾರವಾದರೂ ಗಾಳಿಯಲ್ಲಿ ಘಾಟು ಇತ್ತು. ಮೊಮ್ಮಗಳು ನಾಲ್ಕು ಸಲ ಸೀನಿದಳು, ನಾನು ಆರು ಸಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ಸಿಪ್ಪೆ ಸುಕ್ಕು ಸುಕ್ಕು, ಬಣ್ಣ ಕಡುಗೆಂಪು. ಇದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಒಂದು ಗೋದಾಮಿನ ಮುಂದೆ ಚೆಲ್ಲಿದ ಕಾಯಿಗಳ ನಡುವೆ ಗುಬ್ಬಿಗಳ ಹಿಂಡು ನಿಶ್ಚಿಂತೆಯಿಂದ ಕುಕ್ಕುತ್ತಿತ್ತು. ಪಕ್ಕದ ಮರದಲ್ಲಿ ಗಿಳಿಯೊಂದು ಒಂದು ಕಾಲಿನಲ್ಲಿ ಕೆಂಪು ಮೆಣಸಿನಕಾಯಿ ಹಿಡಿದು ತಿನ್ನುತ್ತಿತ್ತು. "ಅದಕ್ಕ ಖಾರ ಹತ್ತೂದಿಲ್ಲೇನು?" ಎಂದು ಕೇಳಿದಳು.

ಹತ್ತುವುದಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್ ಎಂಬ ವಸ್ತು ಕಾರಣ. ಅದು ತಾಗಿದರೆ ನಮ್ಮ ನಾಲಗೆಯ ನರಗಳು "ಸುಟ್ಟಿತು" ಎಂದು ಮಿದುಳಿಗೆ ಸುದ್ದಿ ಕಳಿಸುತ್ತವೆ. ಇಲಿ, ಅಳಿಲು, ಆಕಳಿಗೂ ಹಾಗೆಯೇ. ಹಕ್ಕಿಗಳ ನರಗಳು ಮಾತ್ರ ಅದಕ್ಕೆ ಓಗೊಡುವುದಿಲ್ಲ. ಇದರ ಹಿಂದೆ ಗಿಡದ ಲಾಭವೂ ಇದೆ. ಇಲಿ ಬೀಜವನ್ನು ಹಲ್ಲಿನಿಂದ ಅರೆದು ಹಾಳು ಮಾಡುತ್ತದೆ. ಪಿಕಳಾರದಂಥ ಹಕ್ಕಿಗೆ ಹಲ್ಲಿಲ್ಲ. ಅದು ಸಣ್ಣ ಸೂಜುಮೆಣಸಿನ ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ಹಿಕ್ಕೆಯ ಜೊತೆಗೆ ದೂರ ಕೊಂಡುಹೋಗಿ ಹಾಕುತ್ತದೆ. ಬೇಡದವರಿಗೆ ಖಾರ, ಬೇಕಾದವರಿಗೆ ಹಣ್ಣು. ಈ ವ್ಯವಹಾರ ಕೇಳಿ ಮೊಮ್ಮಗಳಿಗೆ ಬಹಳ ಖುಷಿಯಾಯಿತು. ಆದರೂ ರೊಟ್ಟಿಯ ಜೊತೆ ಇಟ್ಟಿದ್ದ ಮೆಣಸಿನಕಾಯಿಯನ್ನು ನನ್ನ ಕಡೆಗೇ ಸರಿಸಿದಳು.

ನಿಲ್ದಾಣಕ್ಕೆ ಮರಳುವ ದಾರಿಯಲ್ಲಿ ಎಲೆ ಇಲ್ಲದೆ ಬರೀ ಹೂವಾಗಿ ನಿಂತಿದ್ದ ಒಂದು ಮುತ್ತುಗದ ಮರ. ಅದರ ತುಂಬ ಗುಲಾಬಿ ಕಬ್ಬಕ್ಕಿಗಳು, ಮೈ ಗುಲಾಬಿ, ತಲೆ ಕಪ್ಪು. ಜೋಳದ ಹೊಲದವರಿಗೆ ಇವು ಚೆನ್ನಾಗಿ ಗೊತ್ತು. ಮಧ್ಯ ಏಷ್ಯಾದಿಂದ ಬರುತ್ತವೆ, ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ತೆನೆ ತಿನ್ನುತ್ತವೆ ನಿಜ, ಮಿಡತೆಯನ್ನೂ ಅಷ್ಟೇ ತಿನ್ನುತ್ತವೆ. ಖರ್ಚಿನ ಕಡೆಗಷ್ಟೇ ಬರೆದು ಜಮೆಯ ಕಡೆ ಖಾಲಿ ಬಿಡುವುದು ಲೆಕ್ಕವಲ್ಲ ಎಂದು ಹೇಳಿದೆ. ಬ್ಯಾಡಗಿಯಲ್ಲಿ ಹೊಸದಾಗಿ ಸೇರಿದ್ದು 4 ಬಗೆ.

ನಾನು ನೋಡದ ಹಕ್ಕಿ

ರಾಣೇಬೆನ್ನೂರಿನಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನೆರಳು ನೋಡಿ ಕೂತು ಊಟ ಮುಗಿಸಿ, ಹೊತ್ತು ಇಳಿದ ಮೇಲೆ ಆಟೊ ಹಿಡಿದು ಊರಿನಿಂದ ಎಂಟು ಕಿಲೋಮೀಟರಿನಷ್ಟು ದೂರ ಹುಣಸಿಕಟ್ಟಿಯ ಕಡೆ ಹೋದೆವು. ಅಲ್ಲಿಂದ ರಸ್ತೆಯ ಅಂಚಿನಲ್ಲಿ ನಡಿಗೆ. ಇದು ಕೃಷ್ಣಮೃಗ ಅಭಯಾರಣ್ಯದ ಸೀಮೆ. 1974ರ ಜೂನ್‌ನಲ್ಲಿ 119 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಸಾರಿದರು. ನಾನು ಬ್ಯಾಂಕಿಗೆ ಸೇರಿದ್ದೂ ಅದೇ ವರ್ಷ, ರಾಣೇಬೆನ್ನೂರಿನಲ್ಲೇ.

ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಎನ್ನುತ್ತೇವೆ. ದೂರದಲ್ಲಿ ಒಂದು ಹಿಂಡು ನಿಂತಿತ್ತು. ನಡುವೆ ಒಂದು ಕರಿಯ ಗಂಡು, ತಿರುಪಿನ ಕೊಂಬು. ತಂತಿಯ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ. ಕೂತಾಗ ಮಂಕಾಗಿ ಕಂಡದ್ದು, ಹಾರಿದ ಕೂಡಲೆ ರೆಕ್ಕೆಯಲ್ಲಿ ನೀಲಿ ಝಗ್ಗೆಂದಿತು. ಟಿಟ್ಟಿಭವೊಂದು ನಮ್ಮ ಸುತ್ತ ಚೀರುತ್ತ ಹಾರತೊಡಗಿದಾಗ ನಾವು ಹಿಂದೆ ಸರಿದೆವು. ಅದು ಬರೀ ನೆಲದ ಮೇಲೆ ತತ್ತಿ ಇಡುವ ಹಕ್ಕಿ, ಕಲ್ಲಿಗೂ ತತ್ತಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದು ಬೈದರೆ ಜಾಗ ಬಿಡಬೇಕು.

"ಅಜ್ಜಾ, ಈ ಊರಾಗ ನೀ ಇದ್ದಾಗ ಯಾವ್ಯಾವ ಹಕ್ಕಿ ನೋಡಿದ್ದಿ?" ಎಂದು ಕೇಳಿದಳು. ಈ ಪ್ರಶ್ನೆ ಒಂದು ದಿನ ಬರುತ್ತದೆಂದು ನನಗೆ ಗೊತ್ತಿತ್ತು.

1978ರ ಜೂನ್ ತಿಂಗಳು. ಅರ್ಧ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಕೌಂಟರಿಗೆ ಹಣ ಕಟ್ಟಲು ಬಂದ ರೈತರೊಬ್ಬರು, "ಸಾಹೇಬ್ರ, ನಮ್ಮ ಹೊಲದ ಕಡೆ ಎರೆಭೂತ ಇಳದಾವ್ರಿ. ಗಂಡು ಗಂಟಲ ಉಬ್ಬಿಸಿ ಕೂಗಾಕತ್ತೈತಿ. ಒಂದ್ ಮುಂಜಾನೆ ಬರ್ರಿ, ತೋರಸ್ತೀನಿ" ಅಂದರು. ನಾನು ನೋಟು ಎಣಿಸುತ್ತಲೇ, "ಈ ವಾರ ಆಗೂದಿಲ್ರಿ, ಮುಂದಿನ ಭಾನುವಾರ ನೋಡೋಣು" ಎಂದೆ. ಮುಂದಿನ ಭಾನುವಾರ ಯಾರದೋ ಮದುವೆ. ಅದರ ಮುಂದಿನ ಭಾನುವಾರ ಮಳೆ. ಆ ರೈತರು ಇನ್ನೆರಡು ಸಲ ಕರೆದರು, ಆಮೇಲೆ ಬಿಟ್ಟರು. ಎರಡು ವರ್ಷದಲ್ಲಿ ನನಗೆ ವರ್ಗವಾಯಿತು. ಸೈಕಲ್ಲಿನಲ್ಲಿ ಹೋಗಬಹುದಾದ ದೂರದಲ್ಲಿದ್ದ ಹಕ್ಕಿಯನ್ನು ನಾನು ನೋಡಲೇ ಇಲ್ಲ.

ಎರೆಭೂತ ಎಂದರೆ ಎರೆ ಭೂಮಿಯ, ಅಂದರೆ ಕರಿ ಮಣ್ಣಿನ ಬಯಲಿನ ದೊಡ್ಡ ಹಕ್ಕಿ. ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೆ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಭಾರದವುಗಳ ಸಾಲಿನದು. ರಾಣೇಬೆನ್ನೂರಿನ ಎರೆಭೂತಗಳನ್ನು ಗಮನಿಸಿ ಬರೆದವರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಮುಖ್ಯರು. ಮುಂದೆ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದವರೂ ಅವರೇ. ಪಕ್ಷಿತಜ್ಞ ಸಲೀಂ ಅಲಿ ಅವರಿಗೆ ಈ ಹಕ್ಕಿಯೇ ನಮ್ಮ ರಾಷ್ಟ್ರಪಕ್ಷಿಯಾಗಬೇಕೆಂಬ ಆಸೆಯಿತ್ತು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು.

ಇಂದು ರಾಣೇಬೆನ್ನೂರಿನಲ್ಲಿ ಎರೆಭೂತ ಇಲ್ಲ. ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ ಇವೆ. ನಾನು ನಿವೃತ್ತನಾಗಿ ಪುರಸೊತ್ತು ಸಿಕ್ಕ 2011ರಲ್ಲೇ ಅದನ್ನು ತೀರಾ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಿದರು.

ಯಾಕೆ ಹೀಗಾಯಿತು? ಬೇಟೆ ಒಂದು ಕಾರಣ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ತತ್ತಿ ಇಡುತ್ತದೆ, ಅದೂ ಬರೀ ನೆಲದ ಮೇಲೆ. ನಾಯಿ ತಿಂದರೆ ಆ ಸಲದ ಸಂಸಾರ ಮುಗಿಯಿತು. ಎದುರಿಗಿರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ಬೇಕಾದದ್ದು ಹುಲ್ಲಿನ ಬಯಲು, ಸುತ್ತ ದೂರದವರೆಗೆ ಕಣ್ಣು ಹಾಯುವ ನೆಲ. ಅಂಥ ನೆಲವನ್ನು ನಾವು ಉತ್ತೆವು, ಇಲ್ಲವೇ ನೀಲಗಿರಿ ಗಿಡ ನೆಟ್ಟು ಹಸಿರು ಮಾಡಿದೆವು. ಕಾಡಾದರೆ ಒಳ್ಳೆಯದು ಎಂದುಕೊಂಡೆವು. ಹುಲ್ಲುಗಾವಲು ಖಾಲಿ ಜಾಗ ಎಂದುಕೊಂಡೆವು. ಸಾಲದ ಅರ್ಜಿಗಳಲ್ಲಿ ಅಂಥ ಹೊಲಗಳ ಎದುರಿಗೆ "ಪಾಳು ಜಮೀನು" ಎಂದು ನಾನೇ ನನ್ನ ಕೈಯಾರೆ ಎಷ್ಟೋ ಸಲ ಬರೆದಿದ್ದೇನೆ. ರೈತರಿಗೆ ಹೊಟ್ಟೆಪಾಡು, ಅವರದು ತಪ್ಪಲ್ಲ. ಆ ಪಾಳು ನೆಲದಲ್ಲಿ ಯಾರು ಬಾಳುತ್ತಿದ್ದಾರೆಂದು ಹೋಗಿ ನೋಡದೆ ಇದ್ದದ್ದು ನನ್ನ ತಪ್ಪು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ರೈತರು ಕರದಾಗ ನಾ ಇದ್ದಿದ್ರ ನಿನ್ನ ಎಳಕೊಂಡು ಹೋಗ್ತಿದ್ದೆ" ಅಂದಳು. ಖಂಡಿತ ಹೋಗುತ್ತಿದ್ದಳು.

ಅಷ್ಟರಲ್ಲಿ ಅವಳು ಆಕಾಶಕ್ಕೆ ಬೆರಳು ಮಾಡಿದಳು. ಒಂದು ಸಣ್ಣ ನೆಲಗುಬ್ಬಿ ರೆಕ್ಕೆ ಬಡಿಯುತ್ತ ನೇರ ಮೇಲೇರಿತು, ಮತ್ತೆ ಕಲ್ಲು ಬಿದ್ದ ಹಾಗೆ ಕೆಳಗೆ ಧುಮುಕಿತು, ನೆಲ ಮುಟ್ಟುವ ಮೊದಲು ತೇಲಿ ಮತ್ತೆ ಏರಿತು. "ಬೀಳೂವಾಗ ಉದ್ದಕ ಸೀಟಿ ಹೊಡೀತದ ಅಜ್ಜಾ. ಸುಂಯ್ ಅಂತ ಕೆಳಗ ಇಳೀತದ ಸೀಟಿ" ಅಂದಳು. ನನಗೆ ಕೇಳಿಸಲಿಲ್ಲ. ಆದರೆ ಅದು ಧುಮುಕುವಾಗಲೆಲ್ಲ ಅವಳು ತಾನೇ ಸೀಟಿ ಹೊಡೆದು ತೋರಿಸಿದಳು. ಹೊತ್ತು ಮುಳುಗುವವರೆಗೆ ನಾವು ಆ ಹಕ್ಕಿಯನ್ನೇ ನೋಡುತ್ತ ನಿಂತೆವು.

ಬಾಕಿ

ರೈಲಿನಲ್ಲಿ ಮರಳುವಾಗ ರೆಜಿಸ್ಟರ್ ತೆಗೆದೆವು. ಹಾವೇರಿ 23, ಬ್ಯಾಡಗಿಯಲ್ಲಿ ಸೇರಿದ್ದು 4, ರಾಣೇಬೆನ್ನೂರಿನಲ್ಲಿ ಸೇರಿದ್ದು 9. ಒಟ್ಟು 36 ಬಗೆ. ಅವಳು ಎರಡು ಸಲ ಕೂಡಿಸಿ ನೋಡಿದಳು, ತಾಳೆಯಾಯಿತು. ನೆಲಗುಬ್ಬಿಯ ಎದುರಿಗೆ "ನೋಡಿದವರು: ಇಬ್ಬರೂ. ಕೇಳಿದವರು: ಮೊಮ್ಮಗಳು" ಎಂದು ನಾನು ಬರೆದೆ.

36 ದೊಡ್ಡ ಸಂಖ್ಯೆಯಲ್ಲ. ಎಲ್ಲವೂ ಸಾಮಾನ್ಯ ಹಕ್ಕಿಗಳೇ. ಆದರೆ 1978ರಲ್ಲಿ ಆ ರೈತರಿಗೆ ಎರೆಭೂತವೂ ಹೊಲದ ಹಕ್ಕಿಯೇ ಆಗಿತ್ತು. ನೀವೂ ಈ ಲೆಕ್ಕ ಇಡಬಹುದು. ದುಡ್ಡು ಬೇಕಿಲ್ಲ, ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಬೆಳಿಗ್ಗೆ ಹದಿನೈದು ನಿಮಿಷ ಒಂದು ಮರದ ಕೆಳಗೋ ಮಾಳಿಗೆಯ ಮೇಲೋ ಕೂತು, ಕಂಡದ್ದನ್ನು ಕೇಳಿದ್ದನ್ನು ತಾರೀಖು ಹಾಕಿ ಬರೆಯಿರಿ. ಪ್ರತಿ ವರ್ಷ ಫೆಬ್ರುವರಿಯಲ್ಲಿ ಜಗತ್ತಿನ ತುಂಬ ಜನ ನಾಲ್ಕು ದಿನ ಹೀಗೆಯೇ ತಮ್ಮ ಹಿತ್ತಲಿನ ಹಕ್ಕಿ ಎಣಿಸುತ್ತಾರೆ. 2013ರಿಂದ ನಮ್ಮ ದೇಶದವರೂ ಸೇರಿದ್ದಾರೆ. ಅವರ ಪಟ್ಟಿಗಳು ಈಬರ್ಡ್ ಎಂಬ ಜಾಲತಾಣಕ್ಕೆ ಹೋಗುತ್ತವೆ. ಯಾವ ಹಕ್ಕಿ ಎಲ್ಲಿ ಕಡಿಮೆಯಾಯಿತೆಂದು ತಿಳಿಯುವುದು ಇಂಥ ಸಣ್ಣ ಸಣ್ಣ ಲೆಕ್ಕಗಳನ್ನು ಕೂಡಿಸಿದಾಗ. ಅಜ್ಜ ಅಜ್ಜಿ ಹೆಸರು ಹೇಳಲಿ, ಮಕ್ಕಳು ಕಿವಿಯಾಗಲಿ.

ಹಾವೇರಿ ಹತ್ತಿರ ಬಂದಾಗ ಮೊಮ್ಮಗಳು, "ಅಜ್ಜಾ, ಬಂಕಾಪುರದ ಕೋಟಿಯೊಳಗ ಬಹಳ ನವಿಲು ಅದಾವಂತ. ಅಲ್ಲಿಗೆ ಯಾವಾಗ ಹೋಗೂದು?" ಎಂದು ಕೇಳಿದಳು. ಬಂಕಾಪುರ ನಮ್ಮದೇ ಜಿಲ್ಲೆ, ಹತ್ತಿರದ ಊರು. "ನೋಡೋಣು, ಮುಂದ ಒಂದ್ ಭಾನುವಾರ" ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು.

ರೆಜಿಸ್ಟರಿನ ಹೊಸ ಪುಟ ತೆರೆದು ಯುಗಾದಿಯ ಮರುದಿನದ ತಾರೀಖು ಬರೆದೆ. ಅದರ ಮುಂದೆ ಸ್ಥಳ: ಬಂಕಾಪುರ. ಕೆಳಗೆ ಇಬ್ಬರೂ ಸಹಿ ಹಾಕಿದೆವು.